ಹೇಳಿಕೊಡುವ ಪೇಷಂಟು

ನಮ್ಮ ಕಡೆಯ ಮಂದಿಯ ಮೇಲೆ ನನಗೆ ಇರುವುದು ಒಂದೇ ತಕರಾರು. ಹೆಂಗದೀರಿ ಎಂದು ಕೇಳಿದರೆ ಖರೇ ಹೇಳುವುದಿಲ್ಲ. ಜಾರಿ ಬಿದ್ದು ಕಾಲು ಮುರಿದುಕೊಂಡು, ಆ ಕಾಲನ್ನು ಮೇಲಕ್ಕೆ ತೂಗುಹಾಕಿಸಿಕೊಂಡು ಮಲಗಿದವರನ್ನು ಕೇಳಿ ನೋಡಿ. "ಆರಾಮ ಅದೇನ್ರಿ. ನೀವು ಆರಾಮ?" ಎನ್ನುತ್ತಾರೆ. ಅಷ್ಟಕ್ಕೇ ಬಿಡದೆ "ಚಹಾ ಆತೇನ್ರಿ?" ಎಂದು ನಮ್ಮನ್ನೇ ವಿಚಾರಿಸುತ್ತಾರೆ. ಮದುವೆ ಊಟದಲ್ಲಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರೂ, ಕೈ ತೊಳೆಯಲು ಹೋಗುವ ದಾರಿಯಲ್ಲಿ ಬೀಗರನ್ನು ಹುಡುಕಿ ನಿಲ್ಲಿಸಿ "ಅಡಗಿ ಅಗದೀ ಛಲೋ ಆಗಿತ್ರಿ" ಎಂದು ಹೇಳಿಯೇ ಮುಂದೆ ಹೋಗುತ್ತಾರೆ. ಇದು ಒಳ್ಳೆಯ ಗುಣವೇ, ಇಲ್ಲ ಅನ್ನುವುದಿಲ್ಲ. ಇಂಥ ಮಂದಿಯ ನಡುವೆ ಹುಟ್ಟಿದ್ದಕ್ಕೆ ನನಗೆ ಒಳಗೊಳಗೇ ಹೆಮ್ಮೆಯೂ ಇದೆ. ಆದರೆ ನನ್ನ ಉದ್ಯೋಗಕ್ಕೆ ಇದರಷ್ಟು ದೊಡ್ಡ ಅಡ್ಡಿ ಮತ್ತೊಂದಿಲ್ಲ. ಯಾಕೆಂದರೆ ನನ್ನ ಉದ್ಯೋಗವೇ "ಹೆಂಗಾತು?" ಎಂದು ಕೇಳುವುದು.

ನಾನು ಡಾಕ್ಟರ. ಇಲ್ಲಿಯದೇ ಒಂದು ಮೆಡಿಕಲ್ ಕಾಲೇಜಿನಲ್ಲಿ ಮಾಸ್ತರಕಿ ಮಾಡುತ್ತೇನೆ. ಕೆಲವು ವರ್ಷಗಳಿಂದ ಪಾಠದ ಜೊತೆಗೆ ಇನ್ನೊಂದು ಹೊಣೆಯೂ ಹೆಗಲಿಗೇರಿದೆ. ಲಿಫ್ಟಿನ ಪಕ್ಕದಲ್ಲಿ ಮೊದಲು ಮುರಿದ ಸ್ಟ್ರೆಚರುಗಳನ್ನು ಇಡುತ್ತಿದ್ದ ಖೋಲಿಗೆ ಸುಣ್ಣ ಹೊಡೆಸಿ, "ವೈದ್ಯಕೀಯ ಶಿಕ್ಷಣ ಘಟಕ" ಎಂಬ ಬೋರ್ಡು ಹಾಕಿ, ಒಳಗೆ ನನ್ನನ್ನು ಕೂರಿಸಿದ್ದಾರೆ. ನಾವು ಮಕ್ಕಳಿಗೆ ಕಲಿಸುವುದು ಅವರ ತಲೆಗೆ ಹೋಗುತ್ತಿದೆಯೋ ಇಲ್ಲವೋ, ಹೊಸ ಪಠ್ಯಕ್ರಮ ಫಲ ಕೊಡುತ್ತಿದೆಯೋ ಇಲ್ಲವೋ ಎಂದು ಅಳೆದು ನೋಡುವುದು ಅಲ್ಲಿಯ ಕೆಲಸ. ಮೌಲ್ಯಮಾಪನ ಅನ್ನುತ್ತಾರೆ ಅದಕ್ಕೆ. ನನ್ನ ಹೆಂಡತಿ ಸುಜಾತಾ ಮಾತ್ರ "ತಾವೇ ಅಡಗಿ ಮಾಡಿ ತಾವೇ ರುಚಿ ನೋಡೂ ಕೆಲಸ" ಅನ್ನುತ್ತಾಳೆ. ಅವಳ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಯಾವ ತರಗತಿ ಮುಗಿದ ಮೇಲೆ ಯಾವ ಹುಡುಗನನ್ನು ಕೇಳಿದರೂ "ಛಲೋ ಆತ್ರಿ ಸರ್" ಎನ್ನುತ್ತಾನೆ. ಹಿಂದಿನ ಬೆಂಚಿನಲ್ಲಿ ಗಲ್ಲಕ್ಕೆ ಕೈಯೂರಿ ನಿದ್ದೆ ಮಾಡಿದವನಂತೂ "ಭಾಳ ಛಲೋ ಆತ್ರಿ" ಎನ್ನುತ್ತಾನೆ.

ಆ ಪಠ್ಯಕ್ರಮದೊಳಗೆ ನನ್ನದೇ ಕೂಸೊಂದಿದೆ. ಗುರುವಾರ ಮಧ್ಯಾಹ್ನ ಒಂದು ತಾಸು. ಪೇಷಂಟಿನ ಜೊತೆ ಮಾತಾಡುವುದನ್ನು ಕಲಿಸುವ ತಾಸು ಅದು. ಮಾತಾಡುವುದನ್ನೇನು ಕಲಿಸುತ್ತೀರಿ ಎಂದು ನೀವು ನಗಬಹುದು. ನಮ್ಮ ಕಾಲೇಜಿನಲ್ಲೂ ನಕ್ಕರು. ನನಗೆ ಇದರ ಹುಚ್ಚು ಹತ್ತಿದ್ದು ಅಪ್ಪನ ಕಡೆಯ ದಿನಗಳಲ್ಲಿ. ಆಸ್ಪತ್ರೆಯಲ್ಲಿ ಮಲಗಿದ್ದ ಅವರ ಹತ್ತಿರ ಬೆಳಗಿನ ರೌಂಡ್ಸಿಗೆ ಬಂದ ಡಾಕ್ಟರೆಲ್ಲ "ಹೆಂಗದೀರಿ ಕಾಕಾ?" ಎಂದು ನಡೆಯುತ್ತಲೇ ಕೇಳುವರು. "ಆರಾಮ ಅದೇನ್ರಿ ಸಾಹೇಬ್ರ" ಎಂದು ಅಪ್ಪ ಮಲಗಿದಲ್ಲಿಂದಲೇ ಕೈ ಮುಗಿಯುವರು. ಡಾಕ್ಟರು ಮುಂದಿನ ಕಾಟಿಗೆ ಹೋದ ಮೇಲೆ ಗೋಡೆಯ ಕಡೆ ಹೊರಳಿ ಹಲ್ಲು ಕಚ್ಚುವರು. ಕೇಳಿದವರದೂ ತಪ್ಪಲ್ಲ, ಹೇಳಿದವರದೂ ತಪ್ಪಲ್ಲ. ಆದರೆ "ಆರಾಮ" ಎಂಬ ಮಾತು ಬಂದ ಮೇಲೂ ಒಂದು ಗಳಿಗೆ ನಿಲ್ಲುವ ಡಾಕ್ಟರು ಬೇಕು ಎಂದು ಅವತ್ತೇ ನನಗೆ ಅನ್ನಿಸಿತು. ಆ ಒಂದು ಗಳಿಗೆ ನಿಲ್ಲುವುದನ್ನು ಕಲಿಸಲಿಕ್ಕೆಂದೇ ಆ ಒಂದು ತಾಸು.

ಈಗ ಆ ತಾಸಿಗೇ ಕುತ್ತು ಬಂದಿತ್ತು. ನಮ್ಮ ಪಠ್ಯಕ್ರಮ ಸಮಿತಿಯ ಅಧ್ಯಕ್ಷರು ದೇಸಾಯಿ ಸರ್, ಶಸ್ತ್ರಚಿಕಿತ್ಸೆಯವರು. ಮಾತು ಕಡಿಮೆ. ಆಡುವುದನ್ನೂ ಹೊಲಿಗೆ ಹಾಕಿದಂತೆ ಬಿಗಿಯಾಗಿ ಆಡುತ್ತಾರೆ. "ನೋಡ್ರಿ ಡಾಕ್ಟರ, ಹುಡುಗರಿಗೆ ಗಾಯ ಹೊಲಿಯೂದು ಕಲಸಾಕ ನನಗ ವ್ಯಾಳ್ಯಾ ಸಾಲವಲ್ದು. ನಿಮ್ಮ ಮಾತುಕತಿ ಕೆಲಸ ಮಾಡತೈತಿ ಅಂತ ತೋರಸ್ರಿ. ಇಲ್ಲಂದ್ರ ಗುರುವಾರದ ತಾಸು ನನಗ ಬಿಟ್ಟಕೊಡ್ರಿ" ಎಂದರು. ಕೆಟ್ಟ ಮನುಷ್ಯರಲ್ಲ. ಕೇಳಿದ್ದೂ ನ್ಯಾಯವಾಗಿಯೇ ಇತ್ತು. ಅದೇ ನನಗೆ ಹೆಚ್ಚು ಚಿಂತೆಯಾದದ್ದು.

ಇಂಥದ್ದನ್ನು ತೋರಿಸಲು ಒಂದು ಪದ್ಧತಿ ಇದೆ. ನಕಲಿ ಪೇಷಂಟಿನ ಪರೀಕ್ಷೆ. ಆರೋಗ್ಯವಾಗಿರುವ ಒಬ್ಬರಿಗೆ ರೋಗದ ಪಾತ್ರ ಕಲಿಸಿ ಒಂದು ಖೋಲಿಯಲ್ಲಿ ಕೂರಿಸುವುದು. ಗಂಟೆ ಬಾರಿಸಿದಾಗ ವಿದ್ಯಾರ್ಥಿ ಒಳಗೆ ಹೋಗಿ ಮಾತಾಡಿಸಿ ಏನಾಗಿದೆ ಎಂದು ತಿಳಿದುಕೊಳ್ಳಬೇಕು. ಮತ್ತೆ ಗಂಟೆ ಬಾರಿಸಿದಾಗ ಹೊರಗೆ ಬರಬೇಕು. ಏನೇನು ಕೇಳಿದ, ಏನು ಬಿಟ್ಟ ಎಂದು ಆ ನಕಲಿ ಪೇಷಂಟೇ ಗುರುತು ಹಾಕಿ ಅಂಕ ಕೊಡುತ್ತಾರೆ. ಕೇಳಲು ಸರಳ. ತ್ರಾಸು ಇರುವುದು ಪೇಷಂಟು ಸಿಗುವುದರಲ್ಲಿ.

ಮೊದಲು ನಾನು ನಮ್ಮ ಗೋಪನಕೊಪ್ಪದ ಮನೆಯ ಎದುರಿಗೇ ಇರುವ ಪಾಟೀಲ ಕಾಕಾ ಅವರನ್ನು ಕರೆದುಕೊಂಡು ಹೋಗಿದ್ದೆ. ವಯಸ್ಸಿನಲ್ಲಿದ್ದಾಗ ನಾಟಕದಲ್ಲಿ ಪಾರ್ಟು ಮಾಡಿದವರು. ಅದೇ ನಾನು ಲೆಕ್ಕ ತಪ್ಪಿದ ಜಾಗ. ಪಾತ್ರ ಏನೋ ಸಣ್ಣದು: ನಡೆದರೆ ಎದೆ ಹಿಡಿದಂತಾಗುತ್ತದೆ ಎಂದು ಹೇಳಬೇಕು, ಅಷ್ಟೇ. ಕಾಕಾ ಎದೆ ಹಿಡಿದುಕೊಂಡು ಎದ್ದು ನಿಂತರು, ಕಿಟಕಿಯ ಕಡೆ ಕೈ ಚಾಚಿ ಯಾರದೋ ಹೆಸರು ಕೂಗಿದರು, ಮೂರು ಹೆಜ್ಜೆ ತೂರಾಡಿ ನೆಲಕ್ಕೆ ಬಿದ್ದು ಪ್ರಾಣ ಬಿಟ್ಟರು. ಒಳಗಿದ್ದ ಹುಡುಗ ಚೀರಿಕೊಂಡು ಓಡಿಬಂದ. ಕೆಳಗಿನಿಂದ ಖರೇ ಸ್ಟ್ರೆಚರು ಬಂತು. ಕಾಕಾ ಒಂದು ಕಣ್ಣು ತೆರೆದು "ಹೆಂಗಾತು?" ಎಂದು ನನ್ನನ್ನು ಕೇಳಿದರು. ನಾನೂ ಈ ಊರವನೇ ಅಲ್ಲವೇ. "ಭಾಳ ಛಲೋ ಆತ್ರಿ ಕಾಕಾ" ಎಂದೆ.

ಅವತ್ತು ಸಂಜೆ ಈ ಕಥೆಯನ್ನು ಮನೆಯಲ್ಲಿ ಹೇಳುತ್ತಿದ್ದಾಗ ಸುಜಾತಾ ನಕ್ಕು ನಕ್ಕು ಪಡಸಾಲೆಯ ಕಡೆ ಕೈ ತೋರಿಸಿದಳು. "ಮನ್ಯಾಗ ಇಟಗೊಂಡು ಊರೆಲ್ಲಾ ಹುಡಕೂದ್ಯಾಕ? ಅತ್ತಿಯವರು ಇಲ್ಲೇನ?"

ಪಡಸಾಲೆಯಲ್ಲಿ ಗೋಡೆಯ ಮೇಲಿನ ಬುದ್ಧನ ಫೋಟೋದ ಕೆಳಗೆ ಕುರ್ಚಿ ಹಾಕಿಕೊಂಡು ಶಾಂತತ್ತಿ ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಅಪ್ಪನ ಅಕ್ಕ. ಮದುವೆಯ ಗೊಡವೆಗೇ ಹೋಗದೆ, ಸರಕಾರಿ ಕನ್ನಡ ಸಾಲೆಯಲ್ಲಿ ಅಕ್ಕೋರಾಗಿ ನಿವೃತ್ತಿಯಾದವಳು. ನಮ್ಮ ಮನೆತನದಲ್ಲಿ ಮೊದಲು ಚಾಕ್‌ಪೀಸು ಹಿಡಿದವಳು ಅವಳೇ. ಅಪ್ಪ ನೌಕರಿ ಸೇರಿದ್ದು, ನಾನು ಡಾಕ್ಟರ ಆದದ್ದು, ಎಲ್ಲ ಅವಳ ಕೈಯ ಪೆಟ್ಟು ತಿಂದ ಮೇಲೆ. ನಾನು ಮಾತು ಕಲಿತದ್ದೂ ಅವಳಿಂದ. ಈಗಲೂ ನಾನು ಫೋನಿನಲ್ಲಿ ಮಾತಾಡುವಾಗ "ಉಸರ ತಗೊಂಡ ಮಾತಾಡೋ ಸಿದ್ದೂ, ಗಾಡಿ ತಪ್ಪತೈತೇನು?" ಎಂದು ಒಳಗಿನಿಂದ ತಿದ್ದುತ್ತಾಳೆ. ಅವಳಿಗಿಂತ ಶಿಸ್ತಿನ ಪೇಷಂಟು ಎಲ್ಲಿ ಸಿಗಬೇಕು ಎಂದು ನನಗೂ ಅನ್ನಿಸಿತು.

ಪಾತ್ರ ಹೇಳಿಕೊಟ್ಟೆ. ಮಗಳ ಮನೆಯಲ್ಲಿರುವ ವಯಸ್ಸಾದ ಹೆಣ್ಣುಮಗಳು. ಹೊಟ್ಟೆಯಲ್ಲಿ ಉರಿ, ಊಟ ಸೇರುವುದಿಲ್ಲ. ಇದೇ ಥರ ಶುರುವಾಗಿ ಅವಳ ಅಕ್ಕ ತೀರಿಕೊಂಡಿದ್ದಳು. ತನಗೂ ಅದೇ ಆಗಿದೆಯೇನೋ ಎಂಬ ಹೆದರಿಕೆ ಒಳಗಿದೆ. ಆದರೆ ಅದನ್ನು ತಾನಾಗಿ ಹೇಳಬಾರದು. ಹುಡುಗರು ಪ್ರೀತಿಯಿಂದ "ಮನಸಿನ್ಯಾಗ ಇನ್ನೇನರ ಐತೇನ್ರಿ?" ಎಂದು ಕೇಳಿದರೆ ಮಾತ್ರ ಹೇಳಬೇಕು. ಅದೇ ಇಡೀ ಪರೀಕ್ಷೆಯ ಜೀವ. ಅತ್ತಿ ಒಂದೇ ಸಲಕ್ಕೆ ಎಲ್ಲ ಬಾಯಿಪಾಠ ಮಾಡಿ ಒಪ್ಪಿಸಿದಳು. "ಮತ್ತ ಹುಡುಗರು ಕೇಳದಿದ್ರ?" ಎಂದಳು. "ಕೇಳದಿದ್ರ ಅಂಕ ಇಲ್ಲ, ಅಷ್ಟ" ಎಂದೆ. "ಪಾಪ" ಎಂದಳು. ಆ "ಪಾಪ"ವನ್ನು ನಾನು ಅಲ್ಲೇ ಗಮನಿಸಬೇಕಿತ್ತು.

ಯಾಕೆಂದರೆ ನಾನೇ ಅವಳ ಸಾಲೆಯಲ್ಲಿ ಕಲಿತವನು. ನಮ್ಮ ಸಾಲೆಗೆ ತಪಾಸಣೆಗೆ ಸಾಹೇಬರು ಬರುತ್ತಿದ್ದರು. ಕೋಟು ಹಾಕಿಕೊಂಡು ಕರಿಹಲಿಗೆಯ ಮುಂದೆ ನಿಂತು "ಹೇಳ್ರಿ ಮಕ್ಕಳ, ನಮ್ಮ ರಾಜ್ಯದ ಪಕ್ಷಿ ಯಾವುದು?" ಎಂದು ಕೇಳುವರು. ಅತ್ತಿ ಅವರ ಹಿಂದೆ ಕೈ ಕಟ್ಟಿ ಅದಬಿನಿಂದ ನಿಂತಿರುವಳು. ನಾವ್ಯಾರೂ ಸಾಹೇಬರ ಮುಖ ನೋಡುತ್ತಿರಲಿಲ್ಲ. ಅವರ ಹೆಗಲ ಮೇಲಿಂದ ಕಾಣುವ ಅತ್ತಿಯ ತುಟಿ ನೋಡುತ್ತಿದ್ದೆವು. ಆ ತುಟಿ ಸಪ್ಪಳವಿಲ್ಲದೆ ಅಲ್ಲಾಡುವುದು, ನಾವೆಲ್ಲ ಒಂದೇ ದನಿಯಲ್ಲಿ "ನೀಲಕಂಠ ರೀ!" ಎನ್ನುವುದು. ಸಾಹೇಬರು ತಿರುಗಿ ನೋಡಿದಾಗ ಅತ್ತಿ ಕಿಟಕಿಯ ಹೊರಗಿನ ಬೇವಿನ ಮರ ನೋಡುತ್ತಿರುವಳು. ಪ್ರತಿ ವರ್ಷ ನಮ್ಮ ವರ್ಗಕ್ಕೆ ಶಾಬಾಸ್‌ಗಿರಿ. ಇದು ಮೋಸ ಎಂದು ಅವಳಿಗೆ ಯಾವತ್ತೂ ಅನ್ನಿಸಿಲ್ಲ. ಕೂಸು ತಡವರಿಸುತ್ತಿದ್ದರೆ ಹೇಳಿಕೊಡಬೇಕು. ತಪಾಸಣೆ ಇದೆ ಎಂದು ಹೇಳಿಕೊಡುವುದನ್ನು ನಿಲ್ಲಿಸಿದರೆ ಅಕ್ಕೋರ ಕೆಲಸಕ್ಕೇನರ್ಥ? ಇದು ಅವಳ ಶಿಕ್ಷಣಶಾಸ್ತ್ರ.

ಇದನ್ನೆಲ್ಲ ಮರೆತು ನಾನು ಅವಳನ್ನು ಖೋಲಿಯಲ್ಲಿ ಕೂರಿಸಿ, ಬಾಗಿಲು ಮುಚ್ಚಿ, ಹೊರಗೆ ಗಂಟೆ ಬಾರಿಸುತ್ತ ಕುಳಿತೆ.

ಫಲಿತಾಂಶ ನೋಡಿ ನನಗೆ ಕಣ್ಣೀರು ಬರುವುದೊಂದು ಬಾಕಿ. ಎಲ್ಲರೂ ಎಲ್ಲವನ್ನೂ ಕೇಳಿದ್ದರು. ಆ ಕಡೆಯ ಪ್ರಶ್ನೆಯನ್ನೂ ಕೇಳಿದ್ದರು! ವಾರ್ಡಿನಲ್ಲಿ ಪೇಷಂಟಿನ ಹೆಸರೂ ಕೇಳದೆ ಹೊಟ್ಟೆ ಒತ್ತುವ ಹುಡುಗರು ಸಹ ಇಲ್ಲಿ ಒಬ್ಬ ಮುದುಕಿಯ ಮನಸ್ಸಿನ ಹೆದರಿಕೆಯನ್ನು ಹುಡುಕಿ ತೆಗೆದಿದ್ದರು. ನಾನು ಅವತ್ತೇ ದೇಸಾಯಿ ಸರ್ ಅವರಿಗೆ ಫೋನು ಮಾಡಿದೆ. ಅವರು "ಹಂಗಾರ ಛಲೋ ಆತಲ್ರಿ. ಮುಂದಿನ ಸಭಾದಾಗ ಎಲ್ಲಾರ ಮುಂದ ಹೇಳ್ರಿ" ಎಂದರು. ಮನೆಗೆ ಹೋಗುವಾಗ ಬೆಂಗೇರಿಯ ಸಂತೆಯಲ್ಲಿ ಇಳಿದು ಅತ್ತಿಗೆ ಇಷ್ಟವಾದ ಪೇರಲಹಣ್ಣು ಒಯ್ದೆ. ಸಭೆಯಲ್ಲಿ ಏನು ಹೇಳಬೇಕು, ಎಲ್ಲಿ ವಿನಯದಿಂದ ತಲೆ ತಗ್ಗಿಸಬೇಕು ಎಂಬುದನ್ನೆಲ್ಲ ಸ್ಕೂಟರಿನ ಮೇಲೇ ಗಟ್ಟಿ ಮಾಡಿಕೊಂಡೆ.

ಮೌಲ್ಯಮಾಪನದಲ್ಲಿ ಇನ್ನೊಂದು ಮೆಟ್ಟಿಲಿದೆ: ಕಲಿತವರ ಅಭಿಪ್ರಾಯ ಕೇಳುವುದು. ನಾಲ್ಕೈದು ಹುಡುಗರನ್ನು ಕ್ಯಾಂಟೀನಿಗೆ ಕರೆದೊಯ್ದು ಗಿರ್ಮಿಟ್ಟು, ಮಿರ್ಚಿ ಕೊಡಿಸಿದೆ. ಖಾರ ತಿಂದರೆ ನಮ್ಮ ಮಂದಿ ಸ್ವಲ್ಪ ಖರೇ ಮಾತಾಡುತ್ತಾರೆ ಎಂಬುದು ನನ್ನ ಅನುಭವ. "ಇಡೀ ತರಬೇತಿಯೊಳಗ ನಿಮಗ ಭಾಳ ಉಪಯೋಗ ಆಗಿದ್ದು ಯಾವುದಪಾ?" ಎಂದು ಕೇಳಿದೆ.

"ಪರೀಕ್ಷಾ ಸರ್" ಎಂದ ಒಬ್ಬ.

"ಹೌದ್ರಿ, ಪರೀಕ್ಷಾನ" ಎಂದರು ಉಳಿದವರು.

ನನ್ನ ನೌಕರಿಯಲ್ಲಿ ಪರೀಕ್ಷೆಯನ್ನು ಹೊಗಳಿದ ವಿದ್ಯಾರ್ಥಿಯನ್ನು ಕಂಡದ್ದು ಅದೇ ಮೊದಲು. "ಹೌದೇನು! ಯಾಕ?" ಎಂದೆ, ಇನ್ನೊಂದು ಪ್ಲೇಟು ಮಿರ್ಚಿಗೆ ಕೈ ತೋರಿಸುತ್ತ.

"ಕ್ಲಾಸಿನ್ಯಾಗ ತಿಳೀಲಾರದ್ದೆಲ್ಲಾ ಅಲ್ಲೇ ಅಜ್ಜಿ ಹೇಳಿಕೊಟ್ರಲ್ರಿ ಸರ್. ನಾ ಹೆಸರ ಕೇಳಿ ಸುಮ್ನ ಕುಂತಿದ್ದೆ. 'ಎಂದಿನಿಂದ ಅಂತ ಕೇಳಪಾ' ಅಂದ್ರು. ಕೇಳಿದೆ. 'ಊಟ ಸೇರತೈತೇನು ಅಂತ ಕೇಳು' ಅಂದ್ರು. ಕೇಳಿದೆ."

ಇನ್ನೊಬ್ಬ ಅತ್ತಿಯ ದನಿಯಲ್ಲೇ ಮುಂದುವರಿಸಿದ: "'ಈಗ ಪೆನ್ನ ಬಾಜೂಕ ಇಡು. ಮಾರಿ ನೋಡು. ಮನಸಿನ್ಯಾಗ ಇನ್ನೇನರ ಐತೇನು ಅಂತ ಕೇಳು. ಹಂಗಲ್ಲ, ಇನ್ನೊಮ್ಮೆ, ಸಾವಕಾಶ ಕೇಳು.' ಭಾಳ ಛಲೋ ಕಲಸ್ತಾರ್ರಿ ಸರ್ ಅವರು. ಯಾವ ಡಿಪಾರ್ಟಮೆಂಟ್‌ನವರ್ರಿ?"

ಮಿರ್ಚಿ ನನ್ನ ನೆತ್ತಿಗೆ ಹತ್ತಿತು.

ಮನೆಗೆ ಹೋದೆ. ಅತ್ತಿ ಪೇರಲಹಣ್ಣು ಹೆಚ್ಚಿ ಉಪ್ಪು-ಖಾರ ಸವರುತ್ತಿದ್ದಳು. "ಅತ್ತಿ, ಹುಡುಗರಿಗೆ ಪರೀಕ್ಷಾದಾಗ ನೀ ಹೇಳಿಕೊಟ್ಟೀ ಏನು?" ಎಂದೆ.

"ಹೇಳಿಕೊಡದ ಇರಾಕ ಆಗತೈತೇನು? ಬಾಗಲಾ ತಗದು ಒಳಗ ಬರತಾವು, ಮಾರಿ ಇಷ್ಟಿಷ್ಟ ಆಗಿರತೈತಿ. ಮುಂಜಾನಿಂದ ಹೊಟ್ಟಿಗೆ ಏನರ ಬಿದ್ದೈತೋ ಇಲ್ಲೋ."

"ಮತ್ತ ಅಂಕ ಎಲ್ಲಾರಿಗೂ ಪೂರಾ ಕೊಟ್ಟೀಯಲ್ಲ!"

"ಕೇಳ್ಯಾರೋ ಇಲ್ಲೋ ನೋಡಿ ಹಾಕು ಅಂದೀ. ಕೇಳಿದ್ರು, ಹಾಕಿದೆ. ಹೇಳಿಕೊಟ್ಟಮ್ಯಾಲೆ ಕೇಳಿದ್ರ ಅದು ಕೇಳಿಧಂಗ ಅಲ್ಲೇನು? ನೀ ನೀಲಕಂಠ ಅಂದಿದ್ದು ಮತ್ತ ಯಾ ಲೆಕ್ಕ?"

ಸುಜಾತಾ ಅಡುಗೆಮನೆಯೊಳಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಕುಳಿತು ಅತ್ತಿಗೆ ಎಲ್ಲ ಹೇಳಿದೆ. ಗುರುವಾರದ ತಾಸು, ದೇಸಾಯಿ ಸರ್, ಸಭೆ. ಈ ಸುಳ್ಳು ಫಲಿತಾಂಶ ತೋರಿಸಿ ಆ ತಾಸು ಉಳಿಸಿಕೊಂಡರೆ, ಹುಡುಗರು ಏನೂ ಕಲಿಯದೆಯೇ ವಾರ್ಡಿಗೆ ಹೋಗುತ್ತಾರೆ. ಅಲ್ಲಿ ಮತ್ತೆ ಯಾರೋ ಅಪ್ಪನ ಹಾಗೆ ಕೈ ಮುಗಿದು "ಆರಾಮ" ಎನ್ನುತ್ತಾರೆ, ಹುಡುಗರು ಮುಂದೆ ನಡೆಯುತ್ತಾರೆ. ತಮ್ಮನ ಹೆಸರು ಕೇಳಿ ಅತ್ತಿಯ ಕೈಯ ಚಾಕು ನಿಂತಿತು. "ಹಂಗಾರ ಇನ್ನೊಮ್ಮೆ ಪರೀಕ್ಷಾ ಮಾಡು. ಪಾತ್ರ ಬೇರೆ ಕೊಡು. ಬಾಯಿ ಬಿಡಂಗಿಲ್ಲ ನಾ" ಎಂದಳು. ಚಾಕು ಕೆಳಗಿಟ್ಟು, "ಹೆಂಗೂ ಬಿಡಬಾರದು ಅಂತ ಬಾಯಾಗ ಲವಂಗ ಹಿಡಕೊಂಡ ಕೂಡತೇನಿ" ಎಂದು ಸೇರಿಸಿದಳು. ತನ್ನ ಬಾಯಿಯ ಮೇಲೆ ಅವಳಿಗೇ ನಂಬಿಕೆ ಇರಲಿಲ್ಲ.

ಎರಡನೆಯ ಪರೀಕ್ಷೆ ನಡೆಯಿತು. ಈ ಸಲ ಮಂಡಿನೋವಿನ ಪಾತ್ರ. ಒಳಗೆ ಬಚ್ಚಿಟ್ಟ ಹೆದರಿಕೆಯೂ ಬೇರೆ: ಇನ್ನು ಮುಂದೆ ನಡೆಯಲಾಗದೆ ಮಂದಿಗೆ ಭಾರವಾಗುತ್ತೇನೆ ಎಂದು. ನಾನೇ ಖೋಲಿಯ ಮೂಲೆಯಲ್ಲಿ ಹಸಿರು ಪರದೆಯ ಹಿಂದೆ ಸ್ಟೂಲು ಹಾಕಿಕೊಂಡು ಕುಳಿತೆ. ನೋಡಲೂ ಆಯಿತು, ಕಾಯಲೂ ಆಯಿತು.

ಒಬ್ಬೊಬ್ಬರೇ ಬಂದರು. ಅಜ್ಜಿ ಈಗ ಹೇಳಿಕೊಡುತ್ತಾರೆ ಎಂಬ ಧೈರ್ಯದಿಂದ ಮುಗುಳುನಗುತ್ತ ಬಂದವರು ಅವಳ ಬಿಗಿದ ಬಾಯಿ ನೋಡಿ ಸಪ್ಪಗಾದರು. "ಹೆಂಗದೀರಿ ಅಜ್ಜಿ?" "ಆರಾಮ." ಅಲ್ಲಿಗೆ ಅರ್ಧ ಮಂದಿಯ ಬಂಡವಾಳ ಮುಗಿಯಿತು. ಒಬ್ಬ ಬರೆಯಲು ತಗ್ಗಿಸಿದ ತಲೆಯನ್ನು ಗಂಟೆ ಹೊಡೆಯುವತನಕ ಎತ್ತಲಿಲ್ಲ. ಇನ್ನೊಬ್ಬ ಎಷ್ಟು ಲಗೂ ಕೇಳಿದನೆಂದರೆ ಮೂರನೆಯ ಪ್ರಶ್ನೆಗೆ ಅತ್ತಿ ಮೊದಲನೆಯದರ ಉತ್ತರ ಕೊಡುತ್ತಿದ್ದಳು. ಮತ್ತೊಬ್ಬ "ಎಕ್ಸರೇ ತಗಸೋಣ್ರಿ" ಎಂದವನೇ ಸಮಯ ಉಳಿಸಿದ ಸಂತೋಷದಲ್ಲಿ ಎದ್ದು ಹೋದ. ಆ ಕಡೆಯ ಪ್ರಶ್ನೆ ಒಬ್ಬರ ಬಾಯಿಂದಲೂ ಬರಲಿಲ್ಲ. ಪರದೆಯ ಸಂದಿನಿಂದ ನನಗೆ ಎರಡು ಕಾಣುತ್ತಿದ್ದವು. ಒಂದು, ನನ್ನ ಗುರುವಾರದ ತಾಸು ಕಣ್ಣೆದುರಿಗೇ ಕೈ ಜಾರಿ ಹೋಗುತ್ತಿರುವುದು. ಇನ್ನೊಂದು, ಅತ್ತಿಯ ಪಾಡು. ಒಂದೊಂದು ಕೂಸು ತಡವರಿಸಿದಾಗಲೂ ಅವಳ ಕಾಲಿನ ಬೆರಳು ಚಪ್ಪಲಿಯೊಳಗೆ ಮಡಚಿಕೊಳ್ಳುತ್ತಿದ್ದವು. ಸೀರೆಯ ಸೆರಗನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು. ಲವಂಗ ಯಾವಾಗಲೋ ಕರಗಿಹೋಗಿರಬೇಕು. ಅವಳು ಬರಿಯ ಹಲ್ಲು ಕಚ್ಚುತ್ತಿದ್ದಳು. ನಡುವೆ ಒಮ್ಮೆ ಪರದೆಯ ಕಡೆ ನೋಡಿದಳು, ಅಪ್ಪನದೇ ನೋಟ. ಎದ್ದು ಹೋಗಿ ಪರೀಕ್ಷೆ ನಿಲ್ಲಿಸಿಬಿಡಲೇ ಎಂದುಕೊಂಡೆ.

ಕಡೆಗೆ ಬಂದವಳು ಬೆಂಗೇರಿಯ ಹುಡುಗಿ, ಭಾರತಿ ಅಂತ. ತಂದೆಯದು ಸಣ್ಣ ಕಿರಾಣಿ ಅಂಗಡಿ. ಮೆತ್ತನ್ನ ಹುಡುಗಿ, ತರಗತಿಯಲ್ಲಿ ಹೆಸರು ಕೂಗಿದರೆ ಹಾಜರಿ ಹೇಳಲಿಕ್ಕೂ ನಾಚುವಂಥವಳು. ಅವಳ ಮೇಲೆ ನನಗೆ ಯಾವ ಆಸೆಯೂ ಇರಲಿಲ್ಲ. ಬಂದು ನಮಸ್ಕಾರ ಮಾಡಿದಳು, ಹೆಸರು ಕೇಳಿದಳು, "ಹೆಂಗದೀರಿ ಅಜ್ಜಿ?" ಎಂದಳು. ಅತ್ತಿ "ಆರಾಮ" ಎಂದಳು. ಹುಡುಗಿಗೆ ಮುಂದಿನದೆಲ್ಲ ಮರೆತುಹೋಯಿತು. ಸುಮ್ಮನೆ ಕುಳಿತಳು. ಅತ್ತಿಯ ತುಟಿ ಅಲುಗತೊಡಗಿತು, ಸಾಹೇಬರ ಬೆನ್ನ ಹಿಂದೆ ಅಲುಗುತ್ತಿದ್ದ ಹಾಗೆಯೇ. ಅವಳು ಅದನ್ನು ಕಚ್ಚಿ ಹಿಡಿದಳು. ಕಣ್ಣಲ್ಲಿ ನೀರು ತುಂಬಿತು.

ಹುಡುಗಿ ನೋಡುತ್ತಲೇ ಇದ್ದಳು. ಆಮೇಲೆ ಪೆನ್ನನ್ನು ಕಿಸೆಗೆ ಹಾಕಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅಜ್ಜೀ, ಆರಾಮ ಅಂದ್ರಿ. ಖರೇನ್ರಿ? ನಿಮಗ ಏನೋ ಹೇಳೂದೈತಿ, ಹೇಳಲಾರದ ನುಂಗಾಕತ್ತೀರಿ. ನಾ ಏನೂ ಬರಕೊಳ್ಳಂಗಿಲ್ಲ. ಗಡಿಬಿಡಿ ಇಲ್ಲ. ಹೇಳ್ರಿ."

ಅತ್ತಿಯ ಕಟ್ಟೆ ಒಡೆಯಿತು. ಮಂಡಿಯೂ ಹೋಯಿತು, ಪಾತ್ರವೂ ಹೋಯಿತು. "ಎಲ್ಲಾ ಹುಡುಗ್ರೂ ಫೇಲ್ ಆಗಾಕತ್ತಾರವಾ! ಮುಂಜಾನಿಂದ ನೋಡಾಕತ್ತೇನಿ. ಬಾಯಿ ತುದೀಗೆ ಬಂದೈತಿ, ಹೇಳೂಹಂಗಿಲ್ಲ ಅಂದಾನ ಆಂವಾ!" ಎಂದು ಪರದೆಯ ಕಡೆ ಬೆರಳು ತೋರಿಸಿದಳು. ಭಾರತಿ ಎರಡೂ ಕೈಯಿಂದ ಅವಳ ಕೈ ಹಿಡಿದುಕೊಂಡು, "ಹೋಗ್ಲಿ ಬಿಡ್ರಿ ಅಜ್ಜಿ. ಮತ್ತ ಪರೀಕ್ಷಾ ಬರಿತಾರ್ರಿ. ನೀವು ಅಳಬ್ಯಾಡ್ರಿ, ಜರಾ ನೀರ ಕುಡೀರಿ" ಎಂದು ತನ್ನ ಬಾಟಲಿಯನ್ನು ಕೊಟ್ಟಳು. ಗಂಟೆ ಬಾರಿಸುವ ಕೆಲಸ ಅವತ್ತು ನಮ್ಮ ಗುಮಾಸ್ತರದು. ಹೊರಗೆ ಗಂಟೆ ಹೊಡೆಯಿತು. ಹುಡುಗಿ ಏಳಲಿಲ್ಲ. ಅಜ್ಜಿ ನೀರು ಕುಡಿಯುವುದು ಮುಗಿದ ಮೇಲೆ ಎದ್ದಳು. ಮಂಡಿನೋವಿನ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನೂ ಅವಳು ಕೇಳಿರಲಿಲ್ಲ.

ಪರದೆಯ ಹಿಂದೆ ನಾನು ಪೆನ್ನು ಹಿಡಿದು ಕುಳಿತೇ ಇದ್ದೆ. ಇಂಥದ್ದಕ್ಕೆ ಎಷ್ಟು ಅಂಕ ಎಂದು ನನ್ನ ಪದ್ಧತಿಯಲ್ಲಿ ಎಲ್ಲೂ ಹೇಳಿರಲಿಲ್ಲ. ನಾನು ಪರೀಕ್ಷೆಗೆಂದು ಹೂತಿಟ್ಟ ದುಃಖವನ್ನು ಅವಳು ಮುಟ್ಟಲೇ ಇಲ್ಲ. ಎದುರಿಗಿದ್ದವಳ ಖರೇ ದುಃಖವನ್ನು ಕಂಡುಹಿಡಿದಿದ್ದಳು. ಆರಾಮ ಎಂದ ಮೇಲೂ ನಿಂತಿದ್ದಳು.

ಸಂತೋಷದಲ್ಲಿ ಅವಳ ಹಿಂದೆಯೇ ಓಡಿದೆ. "ಭಾರತಿ, ಇದನ್ನ ಎಲ್ಲಿ ಕಲತೀಯವಾ? ಯಾ ಗುರುವಾರದ ಕ್ಲಾಸಿನ್ಯಾಗ?" ನನ್ನ ದನಿಯಲ್ಲಿದ್ದ ಆಸೆ ನನಗೇ ಕೇಳಿಸಿತು. ಅವಳು ಗಾಬರಿಯಾಗಿ, "ಕ್ಲಾಸಿನ್ಯಾಗಲ್ರಿ ಸರ್. ನಮ್ಮ ಅಂಗಡ್ಯಾಗ. ಹೆಣ್ಣಮಕ್ಕಳು ಬರತಾರ್ರಿ. ಬೆಂಕಿಪೊಟ್ಟಣ ಕೇಳತಾರ, ಉಪ್ಪು ಕೇಳತಾರ, ತಗೊಂಡಮ್ಯಾಲೂ ಹೋಗಂಗಿಲ್ಲ. ಹಂಗ ನಿಂತಿರತಾರ. ಗಂಡಸರ ಮುಂದ ಕೇಳಾಕ ನಾಚಿಕಿ ಇರತೈತಲ್ರಿ, ತಿಂಗಳಿನ ಪ್ಯಾಡು ಅದು ಇದು. ಆಗ ನಾ ಅಪ್ಪನ್ನ ಒಳಗ ಕಳಿಸಿ, ಹತ್ರ ಹೋಗಿ ಮೆಲ್ಲಕ ಕೇಳತೇನ್ರಿ. ಅಜ್ಜಿ ಬಾಯಿ ಹಂಗ ಇತ್ರಿ" ಎಂದಳು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ನಿಮ್ಮ ಕ್ಲಾಸೂ ಭಾಳ ಛಲೋ ಇರತಾವ್ರಿ ಸರ್" ಎಂದಳು.

ಸಭೆಯಲ್ಲಿ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಮೊದಲ ಪರೀಕ್ಷೆಯ ಅಂಕಗಳು ಅತ್ತಿಯವು; ಎರಡನೆಯ ಪರೀಕ್ಷೆಯ ಸೊನ್ನೆಗಳು ನನ್ನವು; ಅದರೊಳಗಿನ ಒಂದೇ ಒಂದು ಬೆಳಕು ಬೆಂಗೇರಿಯ ಕಿರಾಣಿ ಅಂಗಡಿಯದು. ವಿನಯದಿಂದ ತಲೆ ತಗ್ಗಿಸುವುದನ್ನು ಬೇರೆಯಾಗಿ ಅಭ್ಯಾಸ ಮಾಡುವ ಅಗತ್ಯ ಬೀಳಲಿಲ್ಲ, ಅದು ತಾನೇ ತಗ್ಗಿತ್ತು. ಯಾರೂ ನಗಲಿಲ್ಲ. ದೇಸಾಯಿ ಸರ್ ಕನ್ನಡಕ ತೆಗೆದು ಒರೆಸುತ್ತ ಕುಳಿತರು.

"ಹೊಲಿಗಿ ಹಾಕೂದು ಹುಡುಗರಿಗೆ ನಾ ಹೆಂಗ ಕಲಸ್ತೇನಿ ಗೊತ್ತೈತೇನ್ರಿ?" ಎಂದರು. "ಹಿಂದ ನಿಂತು ಕೈ ಹಿಡದು ಹಾಕಸ್ತೇನಿ. 'ಇಲ್ಲಿ ಚುಚ್ಚು, ಹಂಗಲ್ಲ, ಇನ್ನೊಮ್ಮೆ, ಸಾವಕಾಶ' ಅಂತ ಕಿವ್ಯಾಗ ಹೇಳ್ತೇನಿ. ನೀವು ಗುರುವಾರ ಏನ ಮಾಡತೀರಿ?"

"ಸ್ಲೈಡ್ ತೋರಿಸಿ ಭಾಷಣ ಮಾಡತೇನ್ರಿ" ಎಂದೆ.

"ನಿಮ್ಮತ್ತಿಯವರು ಮಾಡಿದ್ದು ಪಾಠ ರೀ ಡಾಕ್ಟರ. ಜಾಗಾ ತಪ್ಪಿ ಪರೀಕ್ಷಾದಾಗ ಮಾಡಿದ್ರು, ಅಷ್ಟ. ಅವರನ್ನ ಪರೀಕ್ಷಾದಿಂದ ತಗೀರಿ, ಗುರುವಾರಕ್ಕ ಹಾಕ್ರಿ. ಆ ಹುಡುಗಿನ್ನೂ ಬಾಜೂಕ ಕುಂಡರಿಸಿಕೊಳ್ರಿ. ಒಂದು ವರ್ಷ ನೋಡೋಣು." ಕನ್ನಡಕ ಹಾಕಿಕೊಂಡು ಮುಂದಿನ ವಿಷಯಕ್ಕೆ ಹೋದರು.

ಹಾಗೆ ನನ್ನ ತಾಸು ಉಳಿಯಿತು. ನನ್ನದಾಗಿ ಉಳಿಯಿತು ಎನ್ನಲಾರೆ. ಈಗ ಗುರುವಾರ ಬಂತೆಂದರೆ ಅತ್ತಿ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಮಧ್ಯಾಹ್ನಕ್ಕೆ ಮುಂಚೆಯೇ ಬಾಗಿಲಲ್ಲಿ ನಿಂತಿರುತ್ತಾಳೆ. ಹುಡುಗರ ನಡುವೆ ಕುಳಿತು ವಾರಕ್ಕೊಂದು ರೋಗ ಮಾಡಿಕೊಳ್ಳುತ್ತಾಳೆ. "ಹಂಗಲ್ಲಪಾ, ಇನ್ನೊಮ್ಮೆ ಕೇಳು" ಎನ್ನುತ್ತಾಳೆ. ಭಾರತಿ ಪಕ್ಕದಲ್ಲಿ ಕುಳಿತು, "ಅಜ್ಜಿ ಈಗ ಸೆರಗು ಹಿಂಡಿದ್ರು ನೋಡ್ರಿ, ಅಲ್ಲೇ ನಿಂದ್ರಬೇಕು" ಎಂದು ನಾಚುತ್ತಲೇ ಹೇಳುತ್ತಾಳೆ. ಪಾಟೀಲ ಕಾಕಾ ಅವರನ್ನೂ ಕರೆದಿದ್ದೇವೆ, ಸಾಯಬಾರದು ಎಂಬ ಕರಾರಿನ ಮೇಲೆ. ಹಿಂದಿನ ಬೆಂಚಿನಲ್ಲಿ ಈಗ ಯಾರೂ ನಿದ್ದೆ ಮಾಡುವುದಿಲ್ಲ, ನಾನು ಒಬ್ಬನೇ ಅಲ್ಲಿ ಕೂರುತ್ತೇನೆ. ಮೊನ್ನೆ ವಾರ್ಡಿನಲ್ಲಿ, ಎಕ್ಸರೇ ತೆಗೆಸೋಣ ಎಂದು ಎದ್ದು ಹೋಗಿದ್ದ ಅದೇ ಹುಡುಗ ಒಬ್ಬ ಮುದುಕರ ಕಾಟಿನ ಪಕ್ಕ ಸುಮ್ಮನೆ ನಿಂತಿದ್ದುದನ್ನು ನೋಡಿದೆ. ಮುದುಕರು "ಆರಾಮ ಅದೇನ್ರಿ" ಎಂದಿರಬೇಕು. ಹುಡುಗ ಹೋಗಿರಲಿಲ್ಲ. ಇದನ್ನು ಹೇಗೆ ಅಳೆಯುವುದೋ ನನಗೆ ಇನ್ನೂ ತಿಳಿದಿಲ್ಲ. ಸದ್ಯಕ್ಕೆ ನೋಡಿ ಸುಮ್ಮನೆ ಬಂದೆ.

ಅವತ್ತು ಸಂಜೆ ಈ ಸುದ್ದಿಯನ್ನು ಮೊದಲು ಅತ್ತಿಗೇ ಹೇಳಬೇಕೆಂದು ಮನೆಗೆ ಬಂದೆ. ಅವಳು ಪಡಸಾಲೆಯಲ್ಲಿ ಬುದ್ಧನ ಫೋಟೋದ ಕೆಳಗೆ ಕುಳಿತಿದ್ದಳು. ಕೈಯಲ್ಲಿ ಅವರೆಕಾಯಿ ಇರಲಿಲ್ಲ. ದೀಪವನ್ನೂ ಹಾಕಿರಲಿಲ್ಲ. ನಾನು ಒಂದೇ ಉಸಿರಿನಲ್ಲಿ ಹುಡುಗನ ಕಥೆ ಹೇಳಿ ಮುಗಿಸಿದೆ. ಹಿಗ್ಗಿದಳು. ಬೂಟು ಬಿಚ್ಚುತ್ತ, ವಾಡಿಕೆಯಂತೆ "ಮತ್ತ ನೀ ಹೆಂಗದೀ ಅತ್ತಿ?" ಎಂದೆ.

"ಆರಾಮ ಅದೇನಿ" ಎಂದಳು.

"ಛಲೋ ಆತು" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಮನೆಯ ಕಡೆ ನಡೆದೆ. ಎರಡು ಹೆಜ್ಜೆ ಇಟ್ಟಿರಲಿಲ್ಲ, ಬೆನ್ನ ಹಿಂದಿನಿಂದ, ಅವಳ ಸಾಲೆಯ ಮೂರನೆಯ ಇಯತ್ತೆಯಿಂದ ನಾನು ಬಲ್ಲ ಆ ಸಣ್ಣ ದನಿ ಬಂತು:

"'ಖರೇನ?' ಅಂತ ಕೇಳೋ, ಸಿದ್ದೂ."

ತಿರುಗಿ ನೋಡಿದೆ. ಅತ್ತಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಒಂದು ಕೈ ಮಂಡಿಯ ಮೇಲಿತ್ತು. ಪಾತ್ರದ್ದಲ್ಲ, ಅವಳದೇ ಮಂಡಿ. ನಾನು ಟವೆಲ್ಲು ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ಎದುರಿಗೆ ಕುಳಿತು, "ಖರೇನ, ಅತ್ತಿ?" ಎಂದೆ.

"ಹಂಗಲ್ಲ" ಎಂದಳು. "ಇನ್ನೊಮ್ಮೆ. ಸಾವಕಾಶ ಕೇಳು."